ಅಕ್ಕನ ಕಾರ್ಡು

ನಮ್ಮ ಭಾವನಿಗೆ ಆಫೀಸಿನಲ್ಲಿ ‘ತಕ್ಕಡಿ’ ಅಂತ ಅಡ್ಡಹೆಸರು. ಬೆನ್ನ ಹಿಂದೆ ಆಡಿಕೊಳ್ಳುವ ಹೆಸರಲ್ಲ. ಎದುರಿಗೇ ಕರೆಯುತ್ತಿದ್ದರು, ಅವರೂ ಓಗೊಡುತ್ತಿದ್ದರು. ಕುದುರೆ ರೇಸಿನ ವಾರಪತ್ರಿಕೆಯೊಂದರಲ್ಲಿ ಮೂವತ್ತೆಂಟು ವರ್ಷ ಕೆಲಸ ಮಾಡಿದವರು. ಪ್ರತಿ ಓಟದಲ್ಲೂ ಯಾವ ಮೂರು ಕುದುರೆಗಳಿಗೆ ಗೆಲ್ಲುವ ತಾಕತ್ತಿದೆ ಅಂತ ಲೆಕ್ಕ ಹಾಕಿ ಬರೆಯುವುದು ಅವರ ಕೆಲಸ. ಅಷ್ಟು ವರ್ಷದಲ್ಲಿ ಒಂದು ಸಲವೂ ತಾವು ದುಡ್ಡು ಕಟ್ಟಿದವರಲ್ಲ. ಯಾಕೆ ಅಂತ ಕೇಳಿದರೆ, “ಅಡುಗೆಯವನು ಉಪ್ಪು ನೋಡ್ತಾನೆ ಕಣೋ, ತಟ್ಟೆ ಹಾಕ್ಕೊಂಡು ಕೂರಲ್ಲ” ಅನ್ನುತ್ತಿದ್ದರು.

ನಾನು ಅವರ ಹೆಂಡತಿಯ ತಮ್ಮ. ಗಡಿಯಾರ ರಿಪೇರಿ ಮಾಡುವವನು. ನನ್ನ ಬಾಯಿ ಸ್ವಲ್ಪ ಜೋರು, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಈ ಕಥೆ ಹೇಳುವಾಗ ನಡುವೆ ಸಿಟ್ಟು ಬಂದರೆ ಅದೆಲ್ಲ ಭಾವನ ಮೇಲಿನ ಸಿಟ್ಟು ಅಂತ ತಿಳಿಯಬೇಡಿ. ಅರ್ಧ ಪಾಲು ನನ್ನ ಮೇಲಿನದು.

ಕುದುರೆ ಕಂಡರೆ ಕಾಲುನೋವು ಅನ್ನುವ ಜನರನ್ನು ಬೇಕಾದಷ್ಟು ನೋಡಿದ್ದೇನೆ. ಕುದುರೆ ಕಂಡರೆ ಪೆನ್ಸಿಲ್ಲು ಹುಡುಕುವವರನ್ನು ನೋಡಿದ್ದು ಇವರೊಬ್ಬರನ್ನೇ. ಪ್ರತಿ ಕುದುರೆಗೂ ಅವರ ಹತ್ತಿರ ಒಂದು ದಪ್ಪ ಕಾಗದದ ಕಾರ್ಡು ಇರುತ್ತಿತ್ತು. ಓಡಿದ ದಿನ, ದೂರ, ಬೆನ್ನ ಮೇಲೆ ಹೊತ್ತ ಭಾರ, ನೆಲ ಗಟ್ಟಿಯಿತ್ತೋ ಒದ್ದೆಯಿತ್ತೋ, ಎಷ್ಟು ಸೆಕೆಂಡು ಹಿಡಿಯಿತು, ಗೆದ್ದ ಕುದುರೆಗಿಂತ ಎಷ್ಟು ಹಿಂದಿತ್ತು, ಎಲ್ಲ ಅದರಲ್ಲಿ. ಅವನ್ನೆಲ್ಲ ಕೂಡಿ ಕಳೆದು ಕೊನೆಗೆ ಒಂದೇ ಸಂಖ್ಯೆಗೆ ಇಳಿಸುತ್ತಿದ್ದರು. ಅದೇ ರೇಟಿಂಗು. ಆಫೀಸಿಗೆ ಕಂಪ್ಯೂಟರ್ ಬಂದಾಗ ಅವರಿಗೆ ಐವತ್ತು ದಾಟಿತ್ತು. ಉಳಿದವರು ಅದಕ್ಕೆ ಬಟ್ಟೆ ಹೊದಿಸಿ ಕೂತರು. ಭಾವ ಎರಡೇ ಬೆರಳಿನಲ್ಲಿ ಕುಟ್ಟಿ ಕುಟ್ಟಿ ಎಂಟು ಸಾವಿರ ಕಾರ್ಡುಗಳನ್ನು ಅದರೊಳಗೆ ತುಂಬಿದರು. ಆಮೇಲೆ ತಮ್ಮದೇ ಹಳೆಯ ಭವಿಷ್ಯಗಳನ್ನೆಲ್ಲ ತೆಗೆದು ಪರೀಕ್ಷೆ ಮಾಡಿದರು. ಅವರು ಮೊದಲು ಹೆಸರಿಸಿದ ಕುದುರೆ ಹತ್ತರಲ್ಲಿ ಮೂರು ಸಲ ಗೆದ್ದಿತ್ತು. ಹೆಸರಿಸಿದ ಮೂರರಲ್ಲಿ ಯಾವುದಾದರೊಂದು ಹತ್ತರಲ್ಲಿ ಏಳು ಸಲ ಗೆದ್ದಿತ್ತು. ಆ ಏಳನ್ನು ಅವರು ನೆನೆಸಿಕೊಂಡವರಲ್ಲ. ಸೋತ ಮೂರನ್ನು ಹಿಡಿದುಕೊಂಡು ವಾರಗಟ್ಟಲೆ ಕೂರುತ್ತಿದ್ದರು.

ರೇಸಿನಲ್ಲಿ ಭಾರದ ಒಂದು ಪದ್ಧತಿ ಇದೆ. ಹ್ಯಾಂಡಿಕ್ಯಾಪ್ ಅನ್ನುತ್ತಾರೆ. ಚೆನ್ನಾಗಿ ಓಡುವ ಕುದುರೆಗೆ ಹೆಚ್ಚು ಭಾರ, ಹಿಂದೆ ಬೀಳುವ ಕುದುರೆಗೆ ಕಡಿಮೆ ಭಾರ. ಮೈದಾನದ ಅಧಿಕಾರಿ ಕೂತು ಲೆಕ್ಕ ಹಾಕಿ ಹಂಚುತ್ತಾನೆ. ಅವನ ಲೆಕ್ಕ ಪೂರಾ ಸರಿಯಾದರೆ ಹನ್ನೆರಡು ಕುದುರೆಯೂ ಒಟ್ಟಿಗೇ ಗೆರೆ ಮುಟ್ಟಬೇಕು. ಹಾಗೆ ಎಂದೂ ಆಗುವುದಿಲ್ಲ. ಅವನು ಎಲ್ಲಿ ತಪ್ಪಿದ, ಯಾವ ಕುದುರೆ ತನ್ನ ಯೋಗ್ಯತೆಗಿಂತ ಹಗುರ ಹೊತ್ತು ಬಂದಿದೆ ಅಂತ ಹುಡುಕುವುದು ಭಾವನ ಕಸುಬು. “ಅವನು ಎಲ್ಲರನ್ನೂ ಸಮ ಮಾಡೋಕೆ ಸಂಬಳ ತಗೋತಾನೆ, ನಾನು ಅವನ ತಪ್ಪು ಹಿಡಿಯೋಕೆ ಸಂಬಳ ತಗೋತೀನಿ” ಅನ್ನುತ್ತಿದ್ದರು.

ಕಸುಬು ಆಫೀಸಿನಲ್ಲೇ ಇದ್ದಿದ್ದರೆ ಈ ಕಥೆ ಇರುತ್ತಿರಲಿಲ್ಲ. ಮದುವೆಯಾದ ನಾಲ್ಕನೆಯ ವಾರಕ್ಕೆ ಅದು ಮನೆಗೆ ಬಂತು.

ಅವರ ಮನೆ ಮೂರನೆಯ ಮಹಡಿಯಲ್ಲಿ. ಉದ್ದನೆಯ ಕಾರಿಡಾರು, ಅದರ ನಡುವೆ ಅವರ ಬಾಗಿಲು. ಕಾರಿಡಾರಿನ ಒಂದು ತುದಿಗೆ ಮುಂಭಾಗದ ಮೆಟ್ಟಿಲು, ಇನ್ನೊಂದು ತುದಿಗೆ ಹಿಂಭಾಗದ ಕಬ್ಬಿಣದ ಮೆಟ್ಟಿಲು. ಎರಡಕ್ಕೂ ಐವತ್ತನಾಲ್ಕು ಮೆಟ್ಟಿಲು, ಭಾವ ಎಣಿಸಿದ್ದರು. ಭಾನುವಾರ ಬೆಳಿಗ್ಗೆ ಗಂಡ ಹೆಂಡತಿ ಮಾರುಕಟ್ಟೆಗೆ ಹೋಗಿ ವಾರದ ಸಾಮಾನು ತರುತ್ತಿದ್ದರು. ಅಕ್ಕನದು ಉದ್ದ ಕಾಲು, ಬಿರುಸು ನಡಿಗೆ. ಭಾವ ಹಿಂದೆ ಬಿದ್ದು ಏದುಸಿರು ಬಿಡುತ್ತಿದ್ದರು. ಮೂರನೆಯ ಭಾನುವಾರ ಅಕ್ಕ ಕೀಟಲೆ ಮಾಡಿದಳಂತೆ: “ರೀ, ನಿಮ್ಮ ಪತ್ರಿಕೆಯವರು ನಿಮ್ಮನ್ನ ಓಡಿಸಿದ್ರೆ ಯಾರೂ ನಿಮ್ಮ ಹೆಸರು ಬರೆಯಲ್ಲ ಬಿಡಿ.”

ಭಾವ ಅದನ್ನು ಮನಸ್ಸಿಗೆ ತೆಗೆದುಕೊಂಡರು. ಮುಂದಿನ ವಾರ ಕೈಯಲ್ಲಿ ತೂಗುವ ಸ್ಪ್ರಿಂಗ್ ತಕ್ಕಡಿ ತಂದರು. ಸಾಮಾನು ಒಟ್ಟು ಹನ್ನೆರಡು ಕಿಲೋ. ಅಕ್ಕ ಗೆಲ್ಲುವ ಕುದುರೆ, ಆದ್ದರಿಂದ ಅವಳ ಚೀಲಕ್ಕೆ ಏಳು ಕಿಲೋ, ಅವರ ಚೀಲಕ್ಕೆ ಐದು. ಮಾರುಕಟ್ಟೆಯ ಗೇಟಿನಿಂದ ಇಬ್ಬರೂ ಒಂದೇ ಕ್ಷಣ ಹೊರಡಬೇಕು. ಅವಳು ದೊಡ್ಡ ರಸ್ತೆಯಲ್ಲಿ ಬಂದು ಮುಂಭಾಗದ ಮೆಟ್ಟಿಲು ಹತ್ತಬೇಕು. ಅವರು ಲಾಂಡ್ರಿಯ ಹಿಂದಿನ ಗಲ್ಲಿಯಲ್ಲಿ ಬಂದು ಕಬ್ಬಿಣದ ಮೆಟ್ಟಿಲು ಹತ್ತಬೇಕು. ಬಾಗಿಲು ಮೊದಲು ಮುಟ್ಟಿದವರು ಗೆದ್ದಂತೆ. ಗೆದ್ದವರ ಚೀಲಕ್ಕೆ ಮುಂದಿನ ವಾರ ಸ್ವಲ್ಪ ಭಾರ ಸೇರುತ್ತದೆ, ಸೋತವರ ಚೀಲದಿಂದ ಅಷ್ಟೇ ಕಳೆಯುತ್ತದೆ. ಅಕ್ಕನ ಹೆಸರಿನಲ್ಲಿ ಒಂದು ಕಾರ್ಡು ತೆರೆದರು. ಓಟ ಎಷ್ಟು ನಿಮಿಷ ಹಿಡಿಯಿತು ಅಂತ ಅಳೆಯುವುದಕ್ಕೆ ನಾನು ಮದುವೆಗೆ ಕೊಟ್ಟ ಸ್ಟಾಪ್‌ವಾಚು ಇತ್ತು. ಆಗ ನಾನಿನ್ನೂ ಗಡಿಯಾರದಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಅದು ನನ್ನ ಮೊದಲ ಸಂಪಾದನೆಯದು.

ದಾರಿಯಲ್ಲಿ ನೋಡಿದ ಜನ ಭಾವನಿಗೆ ಛೀಮಾರಿ ಹಾಕಿದರು. ಹೆಂಡತಿ ಕೈಯಲ್ಲಿ ಮಣಭಾರದ ಚೀಲ ಕೊಟ್ಟು ತಾನು ಕೈಬೀಸಿಕೊಂಡು ಹೋಗುತ್ತಾನಲ್ಲ, ಇವನೆಂಥ ಗಂಡಸು ಅಂತ. ನಮ್ಮ ಅಮ್ಮನೂ ಒಂದು ಸಲ ಮುಖಕ್ಕೆ ಹೊಡೆದ ಹಾಗೆ ಕೇಳಿದಳು. ಅಕ್ಕ ಮಾತ್ರ ತಲೆ ಎತ್ತಿಕೊಂಡು ನಡೆಯುತ್ತಿದ್ದಳು. “ನಾನು ಟಾಪ್ ವೆಯ್ಟ್ ಕಣಮ್ಮ. ಎಲ್ಲಾ ಕುದುರೆಗಿಂತ ಜಾಸ್ತಿ ಭಾರ ಅಂದ್ರೆ ಎಲ್ಲಾ ಕುದುರೆಗಿಂತ ಒಳ್ಳೇ ಕುದುರೆ ಅಂತ. ನಿನಗೆ ಗೊತ್ತಾಗಲ್ಲ” ಅನ್ನುತ್ತಿದ್ದಳು. ಮಕ್ಕಳಾಗಲಿಲ್ಲ ಅವರಿಗೆ. ಇಪ್ಪತ್ತೊಂಬತ್ತು ವರ್ಷ, ಹಾಸಿಗೆ ಹಿಡಿಸುವ ಜ್ವರ ಬಂದ ಕೆಲವು ಭಾನುವಾರ ಬಿಟ್ಟು, ಈ ಓಟ ನಡೆಯಿತು. ಎಷ್ಟೋ ಸಲ ಕಾರಿಡಾರಿನ ಎರಡು ತುದಿಯಿಂದ ಇಬ್ಬರೂ ಒಂದೇ ಹೊತ್ತಿಗೆ ಕಾಣಿಸಿಕೊಂಡು, ನಗುತ್ತಾ, ಚೀಲ ಕುಣಿಸುತ್ತಾ ಬಾಗಿಲಿಗೆ ಓಡಿ ಬರುವುದನ್ನು ನಾನೇ ನೋಡಿದ್ದೇನೆ. ಹಾಗೆ ಕೂಡಿ ಬಂದ ದಿನ ಭಾವನ ಮುಖ ನೋಡಬೇಕಿತ್ತು. ಮೈದಾನದ ಅಧಿಕಾರಿಗೆ ಆಗದ್ದು ತಮಗೆ ಆಯಿತು ಅನ್ನುವ ಖುಷಿ.

ಆ ಕೊನೆಯ ವರ್ಷದ ಮಾತಿಗೆ ಬರುತ್ತೇನೆ. ಅಕ್ಕನಿಗೆ ಐವತ್ತನಾಲ್ಕು, ಭಾವನಿಗೆ ಐವತ್ತೆಂಟು. ಹೊಸ ವರ್ಷದ ಮೊದಲ ವಾರ ಎರಡು ಸಂಗತಿ ಆದವು. ಭಾವ ಸಿಗರೇಟು ಬಿಟ್ಟರು. ಸ್ಟಾಪ್‌ವಾಚು ಕೆಟ್ಟಿತು.

ವಾಚನ್ನು ನನ್ನ ಅಂಗಡಿಗೆ ತಂದುಕೊಟ್ಟರು. ನಾನು ಹಿಂಬದಿ ಬಿಚ್ಚಿ ನೋಡಿದ ಶಾಸ್ತ್ರ ಮಾಡಿ, ಸ್ಪ್ರಿಂಗು ಹೋಗಿರಬೇಕು, ಹೊಸದು ತರಿಸಬೇಕು ಅಂದೆ. “ಅವಸರ ಇಲ್ಲ ಬಿಡು, ತಕ್ಕಡಿ ಇದೆಯಲ್ಲ” ಅಂದರು. ಅವಸರ ಇಲ್ಲ ಅಂದವರ ಕೆಲಸ ನನ್ನ ಅಂಗಡಿಯಲ್ಲಿ ಹೇಗೆ ನಡೆಯುತ್ತದೆ ಅಂತ ಗಿರಾಕಿಗಳಿಗೆಲ್ಲ ಗೊತ್ತು. ಅದನ್ನು ಡ್ರಾಯರಿಗೆ ಹಾಕಿದೆ. ಸ್ವಂತ ಭಾವನ ಕೆಲಸ, ಎಲ್ಲಿಗೆ ಓಡಿ ಹೋಗುತ್ತದೆ. ಆಗ ಅವರ ಹತ್ತಿರ ಮೊಬೈಲು ಇರಲಿಲ್ಲ. ಆಫೀಸಿನ ಸ್ಟಾಪ್‌ವಾಚನ್ನು ಮನೆಗೆ ತರುವ ಜಾತಿಯೂ ಅಲ್ಲ ನಮ್ಮ ಭಾವ, ಆಫೀಸಿನ ಪೆನ್ಸಿಲ್ಲನ್ನೇ ತರುತ್ತಿರಲಿಲ್ಲ.

ಹೀಗೆ ಓಟಕ್ಕೆ ಗಡಿಯಾರವಿಲ್ಲದೆ ಹೋಯಿತು. ಯಾರು ಮೊದಲು ಬಂದರು, ಎಷ್ಟು ಮೊದಲು ಬಂದರು ಅನ್ನುವುದಷ್ಟೇ ಉಳಿಯಿತು. ಭಾವನ ಹತ್ತಿರ ಒಂದು ನಿಯಮವಿತ್ತು, ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುತ್ತಿದ್ದರು. ನನಗೂ ನೂರು ಸಲ ಹೇಳಿದ್ದರು. “ಎರಡೇ ಕುದುರೆ ಓಡಿದ ಓಟಕ್ಕೆ ಗಡಿಯಾರ ನೋಡದೆ ರೇಟಿಂಗ್ ಕೊಡಬಾರದು. ಮುಂದಿರೋದು ಚೆನ್ನಾಗಿ ಓಡ್ತೋ, ಹಿಂದಿರೋದು ಕೆಟ್ಟದಾಗಿ ಓಡ್ತೋ, ಗೊತ್ತಾಗಲ್ಲ.” ಊರಿಗೆಲ್ಲ ಹೇಳಿದ ಮಾತು ಅವರಿಗೇ ಮರೆತುಹೋಯಿತು. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರಲ್ಲ, ಹಾಗೆ.

ಜನವರಿಯ ಕೊನೆಗೆ ಅಕ್ಕ ಹತ್ತು ಮೆಟ್ಟಿಲಿನಷ್ಟು ಹಿಂದೆ ಬಿದ್ದಳು. ಭಾವ ಅವಳ ಚೀಲದಿಂದ ಅರ್ಧ ಕಿಲೋ ತೆಗೆದು ತಮ್ಮದಕ್ಕೆ ಹಾಕಿಕೊಂಡರು. ಮುಂದಿನ ವಾರ ಸಮ ಬಂದರು. ಮತ್ತೆರಡು ವಾರಕ್ಕೆ ಮತ್ತೆ ಹಿಂದೆ. ಮತ್ತೆ ಅರ್ಧ ಕಿಲೋ. ಬೇಸಿಗೆಯ ಹೊತ್ತಿಗೆ ಅಕ್ಕನ ಚೀಲ ಐದಾಗಿ ಭಾವನದು ಏಳಾಗಿತ್ತು. ಭಾವ ಎದೆ ಉಬ್ಬಿಸಿಕೊಂಡು ನನ್ನ ಅಂಗಡಿಗೆ ಬಂದರು.

“ನೋಡೋ, ಸಿಗರೇಟು ಬಿಟ್ಟ ಮೇಲೆ ನಾನು ಎಂಥಾ ಕುದುರೆ ಆಗಿದ್ದೀನಿ! ಐವತ್ತೆಂಟನೇ ವಯಸ್ಸಲ್ಲಿ ಟಾಪ್ ವೆಯ್ಟು ನನಗೆ ಬಂತು. ನಿಮ್ಮಕ್ಕನ ಕೊಬ್ಬು ಇಳೀತು.”

“ಅಷ್ಟೊಂದು ಜಂಭ ಬೇಡಿ ಭಾವ, ಅವಳು ಮನಸ್ಸು ಮಾಡಿದ್ರೆ ನಿಮ್ಮನ್ನೂ ಚೀಲಾನೂ ಎರಡನ್ನೂ ಹೊತ್ಕೊಂಡು ಹತ್ತುತಾಳೆ” ಅಂದೆ. ಇಬ್ಬರೂ ನಕ್ಕೆವು.

ನನ್ನ ಅಂಗಡಿ ಇರುವುದು ದೊಡ್ಡ ರಸ್ತೆಯ ತಿರುವಿನಲ್ಲಿ. ಅಕ್ಕನ ದಾರಿಯಲ್ಲೇ. ಮೊದಲೆಲ್ಲ ಭಾನುವಾರ ನನ್ನ ಕಡೆ ತಿರುಗಿಯೂ ನೋಡದೆ, ಚೀಲದ ಕೈಯನ್ನೇ ಸ್ವಲ್ಪ ಎತ್ತಿ ತೋರಿಸಿ ದಾಟಿಬಿಡುತ್ತಿದ್ದಳು. ಮೇ ತಿಂಗಳ ಒಂದು ಭಾನುವಾರ ಒಳಗೆ ಬಂದಳು. ಗಿರಾಕಿಗಳ ಕುರ್ಚಿಯಲ್ಲಿ ಕೂತು, “ಒಂದ್ ನಿಮಿಷ ಕಣೋ. ನೀರು ಕೊಡು” ಅಂದಳು. ತುಟಿ ಒಣಗಿತ್ತು. ನಾನು ಕಣ್ಣಿಗೆ ಹಾಕಿಕೊಂಡಿದ್ದ ಭೂತಗನ್ನಡಿಯನ್ನೂ ತೆಗೆಯಲಿಲ್ಲ. ಒಂದು ಕೈಯಲ್ಲಿ ಲೋಟ ಕೊಟ್ಟು, “ಏನಕ್ಕಾ, ರೇಸಿನ ಕುದುರೆ ಅರ್ಧ ದಾರೀಲೇ ಲಾಯಕ್ಕೆ ಬಂತಾ?” ಅಂದೆ.

“ನಿಮ್ಮ ಭಾವನಿಗೆ ಹೇಳಬೇಡ ಮಾರಾಯ. ಕುದುರೆ ನಿಂತು ನೀರು ಕುಡೀತು ಅಂತ ಕಾರ್ಡಲ್ಲಿ ಬರೆದುಬಿಡ್ತಾರೆ” ಅಂತ ನಕ್ಕಳು. ನಗುವುದಕ್ಕೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ ಅಂತ ಈಗ ನನಗೆ ಗೊತ್ತಿದೆ. ಆವತ್ತು ಗೊತ್ತಾಗಲಿಲ್ಲ.

ಆಮೇಲೆ ಅದು ರೂಢಿಯಾಯಿತು. ಬರುತ್ತಿದ್ದಳು, ಕೂರುತ್ತಿದ್ದಳು, ನೀರು ಕುಡಿದು ಎದ್ದು ಹೋಗುತ್ತಿದ್ದಳು. ಹೇಳಬೇಡ ಅಂದಳು, ನಾನು ಹೇಳಲಿಲ್ಲ. ಗುಟ್ಟು ಉಳಿಸಿಕೊಂಡ ತಮ್ಮ ಅಂತ ಒಳಗೊಳಗೇ ಹಿಗ್ಗುತ್ತಿದ್ದೆ. ಅವಳು ಕೂರುತ್ತಿದ್ದ ಕುರ್ಚಿಗೂ ಆ ಸ್ಟಾಪ್‌ವಾಚು ಬಿದ್ದಿದ್ದ ಡ್ರಾಯರಿಗೂ ಒಂದು ಮೊಳ ದೂರ.

ಅತ್ತ ಭಾವ ಲೆಕ್ಕ ಮಾಡುತ್ತಲೇ ಇದ್ದರು. ಅವಳು ತಡ ಮಾಡಿದಷ್ಟೂ ಭಾರ ತೆಗೆಯುತ್ತಿದ್ದರು. ಭಾರ ತೆಗೆದಾಗೆಲ್ಲ ಅವಳು ಮತ್ತೆ ಅವರ ಸಮಕ್ಕೆ ಬರುತ್ತಿದ್ದಳು. ಇಬ್ಬರೂ ಒಟ್ಟಿಗೆ ಬಾಗಿಲು ಮುಟ್ಟುತ್ತಿದ್ದರು. ಅಕ್ಕ ಗೋಡೆಗೆ ಒರಗಿ ನಿಂತರೆ ಭಾವ ಕಾರ್ಡು ತೆಗೆದು ‘ಸಮ’ ಅಂತ ಬರೆಯುತ್ತಿದ್ದರು. ಆ ವರ್ಷ ಬಂದಷ್ಟು ‘ಸಮ’ ಹಿಂದಿನ ಯಾವ ವರ್ಷವೂ ಬಂದಿರಲಿಲ್ಲ. ತಮ್ಮ ಲೆಕ್ಕ ಇಷ್ಟು ಪಕ್ಕಾ ಆಗಿದ್ದು ಇದೇ ಮೊದಲು ಅಂತ ಅವರ ಹಿಗ್ಗು. ಇಬ್ಬರೂ ಒಟ್ಟಿಗೆ ಬರುತ್ತಿದ್ದಾರಲ್ಲ, ಎಲ್ಲ ಸರಿಯಾಗಿದೆ ಅನ್ನುವುದು ಅವರ ನಂಬಿಕೆ. ಅಧಿಕಾರಿ ಹಂಚಿದ ಭಾರದಲ್ಲಿ ತಪ್ಪು ಹುಡುಕಿ ಬದುಕಿದ ಮನುಷ್ಯ ತಾನೇ ಹಂಚಿದ ಭಾರವನ್ನು ಒಂದು ಸಲ ತಿರುಗಿ ನೋಡಲಿಲ್ಲ.

ಸೆಪ್ಟೆಂಬರಿನ ಎರಡನೆಯ ಭಾನುವಾರ ಅಕ್ಕನ ಕೈಯಲ್ಲಿದ್ದದ್ದು ಒಂದು ಕಿಲೋ. ಒಂದು ಕೋಸುಗಡ್ಡೆ, ನಾಲ್ಕು ನಿಂಬೆಹಣ್ಣು. ಆವತ್ತು ಅವಳು ನನ್ನ ಅಂಗಡಿಗೆ ಬರಲಿಲ್ಲ. ಹುಷಾರಾಗಿರಬೇಕು, ಸೀದಾ ಹೋದಳು ಅಂದುಕೊಂಡೆ. ಭಾವ ಹನ್ನೊಂದು ಕಿಲೋ ಹೊತ್ತು ಕಬ್ಬಿಣದ ಮೆಟ್ಟಿಲು ಹತ್ತಿ ಬಾಗಿಲು ಮುಟ್ಟಿದರು. ಕಾರಿಡಾರು ಖಾಲಿ. ಆ ತುದಿಯವರೆಗೆ ನಡೆದು ಹೋಗಿ, ಮೆಟ್ಟಿಲ ಕಡೆ ಬಗ್ಗಿ ಕೂಗಿದರಂತೆ: “ಏ, ಮುಂದಿನ ವಾರ ಖಾಲಿ ಕೈಲಿ ಬರಬೇಕಾಗುತ್ತೆ ಕಣೇ ನೀನು!” ಕೆಳಗಿನಿಂದ ನಿಂಬೆಹಣ್ಣೊಂದು ಮೆಟ್ಟಿಲಿಂದ ಮೆಟ್ಟಿಲಿಗೆ ಬೀಳುವ ಸದ್ದು ಮಾತ್ರ ಕೇಳಿಸಿತು. ಅವಳು ಎರಡನೆಯ ಮಹಡಿಯ ತಿರುವಿನಲ್ಲಿ ಕೂತುಬಿಟ್ಟಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ ಕೋಣೆಗೆ ನಾವಿಬ್ಬರೂ ಹೋದೆವು. ಹೃದಯದ ಒಂದು ಕವಾಟ ಕಿರಿದಾಗುತ್ತಾ ಬಂದಿದೆ ಅಂದರು ಡಾಕ್ಟರು. ಆ ಸಂದಿಯಿಂದ ರಕ್ತ ನೂಕಿ ನೂಕಿ ಹೃದಯ ಸೋತಿದೆ. ಡಾಕ್ಟರು ವಯಸ್ಸಾದ ಹೆಂಗಸು, ತಾಳ್ಮೆಯ ಮನುಷ್ಯೆ. ಫೈಲಿನಲ್ಲಿ ಬರೆದುಕೊಳ್ಳುತ್ತಾ ಕೇಳಿದರು, “ಮೆಟ್ಟಿಲು ಹತ್ತುವಾಗ ಕಷ್ಟ ಆಗೋಕೆ ಶುರುವಾಗಿದ್ದು ಯಾವಾಗ? ಅಂದಾಜು ಹೇಳಿ ಸಾಕು.”

ಅಂದಾಜು ಹೇಳುವ ಮನುಷ್ಯನೇ ಅಲ್ಲವಲ್ಲ ಅವರು. ಅಂಗಿಯ ಜೇಬಿನಿಂದ ಕಾರ್ಡು ತೆಗೆದರು. ಓದತೊಡಗಿದರು.

“ಜನವರಿ ಎರಡನೇ ವಾರ ಏಳು ಕಿಲೋ. ಜನವರಿ ಕೊನೇ ವಾರ ಹತ್ತು ಮೆಟ್ಟಿಲು ಹಿಂದೆ, ಅರ್ಧ ಕಿಲೋ ಕಡಿಮೆ ಮಾಡಿದೆ. ಫೆಬ್ರವರಿ ಕೊನೆಗೆ ಆರು ಕಿಲೋ. ಏಪ್ರಿಲ್‌ನಲ್ಲಿ ಐದು. ಮೇ ಮೂರನೇ ವಾರ ನಾಲ್ಕೂವರೆ. ಜೂನ್‌ನಲ್ಲಿ ಮೂರೂವರೆ...”

ಆಫೀಸಿನಲ್ಲಿ ಓದುವ ಧಾಟಿಯಲ್ಲೇ ಶುರು ಮಾಡಿದ್ದರು, ಗಟ್ಟಿಯಾಗಿ, ಸ್ಪಷ್ಟವಾಗಿ. ಜೂನ್ ಬರುವ ಹೊತ್ತಿಗೆ ದನಿ ಇಳಿಯಿತು. “ಆಗಸ್ಟ್ ಎರಡು” ಅನ್ನುವಾಗ ಬರೀ ತುಟಿ ಆಡುತ್ತಿತ್ತು. ಓದುತ್ತಾ ಓದುತ್ತಾ ಅವರಿಗೇ ಅರ್ಥವಾಯಿತು. ಪಕ್ಕದಲ್ಲಿ ಕೂತಿದ್ದ ನನಗೂ ಅರ್ಥವಾಯಿತು. ಡಾಕ್ಟರು ಕೈಚಾಚಿ ಕಾರ್ಡು ತೆಗೆದುಕೊಂಡು ಮೇಲಿಂದ ಕೆಳಗೆ ಬೆರಳಾಡಿಸಿದರು. ಏನು ಎತ್ತ ಅಂತ ಕೇಳಿ ತಿಳಿದುಕೊಂಡರು. ಕಾರ್ಡು ವಾಪಸ್ ಕೊಡುತ್ತಾ, “ಇಷ್ಟು ಚೆನ್ನಾಗಿ ಬರೆದಿಟ್ಟಿದ್ದನ್ನ ನಾನು ಎಲ್ಲೂ ನೋಡಿಲ್ಲ” ಅಂದರು. ಬೈಯುವುದಕ್ಕೆ ಹೇಳಿದ್ದಲ್ಲ ಅದು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು.

ಏಪ್ರಿಲ್‌ನಲ್ಲೇ ಬಂದಿದ್ದರೆ ಆಪರೇಷನ್ ಮಾಡಬಹುದಿತ್ತೇ ಅಂತ ನಾನು ಕೇಳಿದೆ. ಕೇಳಬಾರದಿತ್ತು. ಮಾಡಬಹುದಿತ್ತು ಅಂದರು.

ಅಕ್ಕ ಆಮೇಲೆ ಆರು ವಾರ ಬದುಕಿದಳು. ದಿಂಬು ಒಟ್ಟಿಕೊಂಡು ಕೂತೇ ಇರಬೇಕು, ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಭಾವ ರಜೆ ಹಾಕಿ ಪಕ್ಕದಲ್ಲೇ ಕೂತರು. ಒಂದು ಮಧ್ಯಾಹ್ನ ನಾನೂ ಇದ್ದೆ. ಅಕ್ಕ ಕೇಳಿದಳು, “ರೀ, ನಂಗೀಗ ಎಷ್ಟು ವೆಯ್ಟು?”

“ಏನೂ ಇಲ್ಲ ಕಣೇ. ಖಾಲಿ ಕೈ.”

“ಖಾಲಿ ಕೈನಾ? ಹಂಗಾದ್ರೆ ಗೆಲ್ಲೋದು ನಾನೇ. ಬರ್ಕೊಳ್ಳಿ.”

ಭಾವ ಎದ್ದು ಹೊರಗೆ ಹೋದರು. ಅಕ್ಕ ನನ್ನ ಕಡೆ ತಿರುಗಿ, “ಅವರನ್ನ ಬೈಬೇಡ ಕಣೋ. ನೀನು ಬೈತೀಯ, ನಿನ್ನ ಬಾಯಿ ನಂಗೆ ಗೊತ್ತು. ವಯಸ್ಸಾಯ್ತು ಅಂತ ನಾನೂ ಅಂದ್ಕೊಂಡೆ. ಸೋತೆ ಅಂತ ಅವರಿಗೆ ಗೊತ್ತಾಗಬಾರದು ಅಂತ ಹಟ ಇತ್ತು ನನಗೆ” ಅಂದಳು. ಆ ಮಾತಾಡಿದ್ದಕ್ಕೆ ಹತ್ತು ನಿಮಿಷ ಸುಧಾರಿಸಿಕೊಂಡಳು. ಮುಂದಿನ ವಾರ, ಬುಧವಾರ ಮಧ್ಯಾಹ್ನ ಹೋದಳು.

ಬೈಬೇಡ ಅಂದಿದ್ದಳು, ನಾನು ಬೈದೆ. ಹದಿನೈದು ದಿನ ಕಳೆದ ಮೇಲೆ ಅವರ ಮನೆಗೆ ಹೋಗಿ, ಅಡುಗೆಮನೆಯಲ್ಲಿ ನಿಂತು, ಬಾಯಿಗೆ ಬಂದದ್ದೆಲ್ಲ ಅಂದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕಿತ್ತಾ ನಿಮಗೆ ಅಂದೆ. ಎಲ್ಲಿಯದೋ ಕುದುರೆ ಅರ್ಧ ಸೆಕೆಂಡು ತಡ ಮಾಡಿದರೆ ಹುಡುಕಿ ಹಿಡೀತೀರಿ, ಮನೆಯ ಹೆಂಡತಿ ಎಂಟು ತಿಂಗಳು ಕಣ್ಣೆದುರಿಗೆ ಕುಸಿದರೆ ಅದಕ್ಕೆ ‘ಸಮ’ ಅಂತ ಬರೆದಿರಿ ಅಂದೆ. ಅವರು ಒಲೆಯ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿದರು. ನನ್ನ ಮಾತು ಮುಗಿದ ಮೇಲೆ ಮೆಲ್ಲಗೆ ಕೇಳಿದರು.

“ನಿನ್ನ ಅಂಗಡೀಲಿ ಎಷ್ಟು ಸಲ ಕೂತಿದ್ಳು?”

ಅಕ್ಕ ಆಸ್ಪತ್ರೆಯಲ್ಲಿ ಹೇಳಿಬಿಟ್ಟಿದ್ದಳು.

“ತಪ್ಪು ಅಂತ ಕೇಳ್ತಿಲ್ಲಪ್ಪ. ತಾರೀಖು ನೆನಪಿದ್ರೆ ಹೇಳು. ಕಾರ್ಡಲ್ಲಿ ಅದೊಂದು ಇಲ್ಲ.”

ಒಂದು ತಾರೀಖೂ ನನಗೆ ನೆನಪಿರಲಿಲ್ಲ. ಮೇ ತಿಂಗಳ ಯಾವುದೋ ಭಾನುವಾರ ಅಂದೆ. ಅವರು ಬರೆದುಕೊಳ್ಳಲಿಲ್ಲ. ‘ಯಾವುದೋ’ ಅನ್ನುವುದನ್ನು ಅವರು ಎಂದೂ ಬರೆದುಕೊಂಡವರಲ್ಲ.

ಅಲ್ಲಿಂದ ಸೀದಾ ಅಂಗಡಿಗೆ ಬಂದು ಬಾಗಿಲು ಮುಚ್ಚಿಕೊಂಡು ಸ್ಟಾಪ್‌ವಾಚು ಬಿಚ್ಚಿದೆ. ಸ್ಪ್ರಿಂಗು ನೆಟ್ಟಗಿತ್ತು. ಧೂಳು ಕೂತು ಎಣ್ಣೆ ಗಟ್ಟಿಯಾಗಿತ್ತು, ಅಷ್ಟೇ. ಒರೆಸಿ, ಹೊಸ ಎಣ್ಣೆ ಹಾಕಿ, ಮುಚ್ಚುವುದಕ್ಕೆ ಅರ್ಧ ಗಂಟೆ ಸಾಕಾಯಿತು. ಆ ಅರ್ಧ ಗಂಟೆಯ ಕೆಲಸವನ್ನು ಮೇಜಿನ ಮೇಲೆ ಇಟ್ಟುಕೊಂಡು ನಾನು ಅತ್ತ ಹಾಗೆ ನಮ್ಮ ಅಮ್ಮ ಸತ್ತಾಗಲೂ ಅತ್ತಿರಲಿಲ್ಲ.

ಭಾವ ಮತ್ತೆ ಕೆಲಸಕ್ಕೆ ಹೋದರು. ಇನ್ನೂ ಆರು ವರ್ಷ ಮಾಡಿದರು. ಅವರ ರೇಟಿಂಗಿನ ಪುಟದಲ್ಲಿ ಒಂದು ಬದಲಾವಣೆ ಬಂತು. ಗೆಲ್ಲುವ ಮೂರು ಕುದುರೆ ಆರಿಸುವಾಗ, ಓಟದಿಂದ ಓಟಕ್ಕೆ ಭಾರ ಇಳಿಯುತ್ತಾ ಬಂದ ಕುದುರೆಯನ್ನು ಮೊದಲೆಲ್ಲ ಮೇಲಕ್ಕೆ ಹಾಕುತ್ತಿದ್ದರು, ಹಗುರ ಇದೆ, ಗೆಲ್ಲುವ ಅವಕಾಶ ಇದೆ ಅಂತ. ಈಗ ಅದನ್ನು ಆ ಮೂರರಿಂದ ಕೈಬಿಟ್ಟು, ಅದರ ಪಕ್ಕದಲ್ಲಿ ಒಂದು ಸಾಲು ಬರೆಯುತ್ತಿದ್ದರು: ‘ಭಾರ ಇಳಿದಿದೆ. ಯಾಕೆ ಇಳಿಯಿತು ಕೇಳಿ.’ ಬರೆದು ಸುಮ್ಮನಿರುತ್ತಿರಲಿಲ್ಲ, ಆ ಕುದುರೆ ಪಳಗಿಸುವವನಿಗೆ ಫೋನು ಮಾಡಿ, ಕುದುರೆಯ ಎದೆಗೆ ಒಂದು ಸಲ ಸ್ಟೆತಸ್ಕೋಪ್ ಇಟ್ಟು ನೋಡಿಸಪ್ಪ ಅನ್ನುತ್ತಿದ್ದರು. ಲಾಯದವರು ನಕ್ಕರು. ತಕ್ಕಡಿಗೆ ಹೆಂಡತಿ ಹೋದ ಮೇಲೆ ತಲೆ ಕೆಟ್ಟಿದೆ ಅಂದರು. ಒಂದು ಕಂದು ಹೆಣ್ಣುಕುದುರೆಯ ಎದೆಬಡಿತದಲ್ಲಿ ನಿಜವಾಗಿ ದೋಷ ಸಿಕ್ಕಿತು, ಅದನ್ನು ಓಟದಿಂದ ಬಿಡಿಸಿ ಮೇಯಲು ಕಳಿಸಿದರು. ಉಳಿದ ಹತ್ತೆಂಟು ಕುದುರೆಗಳಿಗೆ ಏನೂ ಆಗಿರಲಿಲ್ಲ, ಸೋಮಾರಿಗಳು ಅಷ್ಟೇ. ಭಾವನ ಭವಿಷ್ಯ ಹತ್ತರಲ್ಲಿ ಏಳು ನಿಜವಾಗುತ್ತಿದ್ದದ್ದು ಐದಕ್ಕೆ ಇಳಿಯಿತು. ಸಂಪಾದಕರು ಬೇಸರ ಮಾಡಿಕೊಂಡರು. ಭಾವ ಆ ಸಾಲನ್ನು ಬಿಡಲಿಲ್ಲ.

ಈಗ ಅವರಿಗೆ ಎಪ್ಪತ್ತನಾಲ್ಕು, ನನಗೆ ಅರವತ್ತೈದು. ಸ್ಟಾಪ್‌ವಾಚು ಸರಿಮಾಡಿ ಕೊಟ್ಟ ವಾರದಿಂದಲೂ ಅವರು ಭಾನುವಾರದ ಮಾರುಕಟ್ಟೆಗೆ ಹೋಗುವುದು ನನ್ನ ಜೊತೆಗೆ. ನಿಯಮ ಅವರೇ ಮಾಡಿದ್ದು. ಅವರ ಚೀಲ ನಾಲ್ಕು ಕಿಲೋ, ಒಂದು ಗುಲಗಂಜಿ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ದಾರಿ ಅಕ್ಕನ ದಾರಿ, ಮೆಟ್ಟಿಲು ಮುಂಭಾಗದ ಮೆಟ್ಟಿಲು. ನಾನು ನನ್ನ ಅಂಗಡಿಯ ಮುಂದೆ ಸ್ಟಾಪ್‌ವಾಚಿನ ಗುಂಡಿ ಒತ್ತಿ ಅವರ ಜೊತೆಗೇ ನಡೆದು ಬಾಗಿಲ ಹತ್ತಿರ ನಿಲ್ಲಿಸಬೇಕು. ಆರು ನಿಮಿಷದ ಆಸುಪಾಸು ಬರುತ್ತದೆ. ಅದನ್ನು ಅವರ ಕಾರ್ಡಿನಲ್ಲಿ ಬರೆಯಬೇಕು. ಅಕ್ಕನ ಕಾರ್ಡು ಅದರ ಪಕ್ಕದಲ್ಲೇ, ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿದೆ.

ಈ ಭಾನುವಾರ ಮಾರುಕಟ್ಟೆಯಿಂದ ಬರುವಾಗ ಅವರು ಎರಡು ಸಲ ನಿಂತರು. ಅಂಗಡಿಯ ಸಾಲು ನೋಡುವವರ ಹಾಗೆ ನಿಂತರು, ಆದರೆ ನೋಡಲಿಲ್ಲ. ನನ್ನ ಅಂಗಡಿಯ ಮುಂದೆ ಅವರು ನೀರು ಕುಡಿಯುತ್ತಿದ್ದಾಗ ಅವರ ಚೀಲದಿಂದ ಆಲೂಗಡ್ಡೆ ನಾಲ್ಕೈದು ತೆಗೆದು ನನ್ನ ಚೀಲಕ್ಕೆ ಇಳಿಸಿದೆ. ಅವರು ಬಂದು ಚೀಲ ಎತ್ತಿದರು. ಎತ್ತಿದ ಕೈ ಅಲ್ಲೇ ನಿಂತಿತು.

“ಎಂಟುನೂರು ಗ್ರಾಂ ತೆಗೆದಿದ್ದೀಯ.”

“ವಯಸ್ಸಾಯ್ತು ಭಾವ ನಿಮಗೆ. ನಾನು ತರ್ತೀನಿ ಬಿಡಿ, ನಾನೇನು ಹೊರಗಿನವನಾ?”

“ವಾಪಸ್ ಹಾಕು.”

“ಹಟ ಮಾಡಬೇಡಿ ಭಾವ.”

ಅವರು ಚೀಲ ಕೆಳಗಿಟ್ಟರು. ನನ್ನ ಭುಜದ ಮೇಲೆ ಕೈ ಇಟ್ಟರು, ಅಷ್ಟು ವರ್ಷದಲ್ಲಿ ಎಂದೂ ಹಾಗೆ ಇಟ್ಟವರಲ್ಲ. “ನಾನು ಅವಳಿಗೆ ಮಾಡಿದ್ದೇ ಇದು ಕಣೋ” ಅಂದರು. “ಪ್ರೀತಿಯಿಂದಾನೇ ಮಾಡಿದ್ದು. ನನ್ನ ಭಾರ ಇಳಿಸಬೇಡ. ಹಿಂದೆ ಬಿದ್ರೆ ಬೀಳ್ತೀನಿ. ಬಿದ್ದಿದ್ದು ನಿನ್ನ ಕಣ್ಣಿಗೆ ಕಾಣಬೇಕು.”

ಆಲೂಗಡ್ಡೆಗಳನ್ನು ಒಂದೊಂದಾಗಿ ವಾಪಸ್ ಹಾಕಿದೆ. ಗುಂಡಿ ಒತ್ತಿದೆ. ಏರು ರಸ್ತೆಯಲ್ಲಿ ಅವರ ಪಕ್ಕದಲ್ಲೇ ನಡೆದೆ, ಮೆಟ್ಟಿಲಲ್ಲಿ ಒಂದು ಮೆಟ್ಟಿಲು ಹಿಂದೆಯೇ ಹತ್ತಿದೆ. ಎರಡನೆಯ ಮಹಡಿಯ ತಿರುವಿನಲ್ಲಿ ಅವರು ಕಂಬಿ ಹಿಡಿದು ನಿಂತಾಗ ನನ್ನ ಕೈ ತಾನಾಗಿ ಚೀಲದ ಕಡೆಗೆ ಹೋಯಿತು. ಹಿಂದಕ್ಕೆ ಎಳೆದುಕೊಂಡೆ. ಇಡೀ ಜನ್ಮದಲ್ಲಿ ನಾನು ಮಾಡಿದ ಕಷ್ಟದ ಕೆಲಸ ಅದು. ಅವರು ಉಸಿರು ಎಳೆದುಕೊಂಡು ಉಳಿದ ಮೆಟ್ಟಿಲು ಹತ್ತಿ, ಕಾರಿಡಾರು ದಾಟಿ ಬಾಗಿಲು ಮುಟ್ಟಿದರು.

“ಎಷ್ಟಾಯ್ತು?”

ಸುಳ್ಳು ಹೇಳಬಹುದಿತ್ತು. “ಎಂಟು ನಿಮಿಷ ಹತ್ತು ಸೆಕೆಂಡು.”

“ಹೋದ ತಿಂಗಳು?”

“ಆರು ನಿಮಿಷ ಐದು.”

ತಲೆಯಾಡಿಸಿದರು. ಅವರ ಮುಖದಲ್ಲಿ ಹೆದರಿಕೆ ಇರಲಿಲ್ಲ, ಲೆಕ್ಕ ಸಿಕ್ಕಿದ ಸಮಾಧಾನ ಇತ್ತು.

“ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗೋಣ ಭಾವ. ಒಂಬತ್ತಕ್ಕೆ ಬರ್ತೀನಿ.”

“ಹೋಗೋಣ” ಅಂದರು. “ಯಾವಾಗಿಂದ ಅಂತ ಕೇಳ್ತಾರೆ. ಕಾರ್ಡು ಮರೀಬೇಡ.”

ನಾನು ಬಾಗಿಲ ಹಿಂದಿನ ಮೊಳೆಯಿಂದ ಅವರ ಕಾರ್ಡು ತೆಗೆದು, ತಾರೀಖು ಹಾಕಿ, ಎಂಟು ನಿಮಿಷ ಹತ್ತು ಸೆಕೆಂಡು ಅಂತ ಬರೆದು ಜೇಬಿಗೆ ಹಾಕಿಕೊಂಡೆ.